ಅಮೆರಿಕದ ಶೇ 50 ಸುಂಕ ಮತ್ತು ನಮ್ಮ ಮಿಡಿಸೌತೆ: ಹೊಡೆತ ಯಾರಿಗೆ, ಎಷ್ಟು? ತಿರುಗಿ ಒತ್ತುವ ದಾರಿ ಇದೆಯಾ? (2025ರ ಕೊನೆಯಲ್ಲಿ, ಆ ಸುಂಕ ಜಾರಿಯಲ್ಲಿದ್ದಾಗ ನಡೆದ ಚರ್ಚೆ)

ಕೊರಟಗೆರೆ_ಕೊಳವೆಬಾವಿ (ಪ್ರಶ್ನೆ)

ಕೊರಟಗೆರೆ, ಮಧುಗಿರಿ ಕಡೆ ಮಿಡಿಸೌತೆ (ಗರ್ಕಿನ್, ಕಂಪನಿಗಳು ವಿನೆಗರ್‌ನಲ್ಲಿ ಹಾಕಿ ರಫ್ತು ಮಾಡುವ ಎಳೆ ಸೌತೆ) ಹಾಕುವವರೆಲ್ಲರ ಪ್ರಶ್ನೆ ಇದು. 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಅಮೆರಿಕ ಒಟ್ಟು ಶೇ 50 ಹೆಚ್ಚುವರಿ ಸುಂಕ ಹಾಕಿದೆ. ಬೀಜ ಕೊಡುವಾಗಲೇ ಕಂಪನಿಯ ಫೀಲ್ಡ್‌ಮನ್‌ಗಳು "ಅಮೆರಿಕದ ಆರ್ಡರ್ ಕಮ್ಮಿ, ಒಂದು ಎಕರೆ ಬದಲು ಅರ್ಧ ಎಕರೆ ಹಾಕಿ" ಅಂತಿದ್ದಾರೆ.

ಶೇ 50 ಸುಂಕ ಅಂದ್ರೆ ಕಾಯಿ ರೇಟು ಅರ್ಧಕ್ಕೆ ಇಳಿಯಬೇಕಾ? ಲೆಕ್ಕ ಹೇಗೆ? ಸುಂಕ ಹಾಕಿದ್ದು ರಷ್ಯಾದಿಂದ ಎಣ್ಣೆ ಕೊಂಡಿದ್ದಕ್ಕೆ ಅಂತಾರಲ್ಲ, ಆ ಎಣ್ಣೆಗೂ ಈ ಸೌತೆಗೂ ಎಲ್ಲಿಂದೆಲ್ಲಿಗೆ ಸಂಬಂಧ? ಕೊನೆಯದು ಇನ್ನೂ ದೊಡ್ಡ ಪ್ರಶ್ನೆ. ಬಲವಾದ ದೇಶ ಹೇಳಿದ್ದೇ ನಡೆಯೋದಾ, ಉಳಿದವರ ಕೈಯಲ್ಲಿ ತಿರುಗಿ ಒತ್ತೋಕೆ ಏನೂ ಇಲ್ವಾ? ಟಿ.ವಿ. ಚರ್ಚೆ ಥರ ಬೇಡ, ಲೆಕ್ಕ ಸಮೇತ ಹೇಳಿದರೆ ಉಪಕಾರ.

ಕಂಟೇನರ್_ಲೆಕ್ಕ, ತುಮಕೂರು

ಸುಂಕವನ್ನು ಭಾರತ ಕಟ್ಟುವುದಿಲ್ಲ, ಇಲ್ಲಿನ ರಫ್ತುದಾರನೂ ಕಟ್ಟುವುದಿಲ್ಲ. ಅಲ್ಲಿನ ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವ ಆಮದುದಾರ ಅಮೆರಿಕದ ಖಜಾನೆಗೆ ಕಟ್ಟುತ್ತಾನೆ. (ಒಪ್ಪಂದ ಡಿಡಿಪಿ, ಅಂದರೆ ಸುಂಕ ಕಟ್ಟಿ ಬಾಗಿಲಿಗೆ ತಲುಪಿಸುವ ಲೆಕ್ಕದಲ್ಲಿ ಆಗಿದ್ದರೆ ಮಾತ್ರ ಸುಂಕವೂ ನಮ್ಮವನ ತಲೆಗೆ. ಡ್ರಮ್ ಸರಕಿನಲ್ಲಿ ಹಾಗೆ ಒಪ್ಪಿಕೊಳ್ಳುವವನಿಗೆ ಬುದ್ಧಿ ಇಲ್ಲ ಅಂತಲೇ ಅರ್ಥ.) ಕಟ್ಟಿದ ಮೇಲೆ ಆ ಹೊರೆಯನ್ನು ಯಾರ ಹೆಗಲಿಗೆ ದಾಟಿಸುತ್ತಾನೆ ಅನ್ನುವುದೇ ಜಗಳ.

ಲೆಕ್ಕ ತಿಳಿಯಲಿಕ್ಕೆ ದುಂಡು ಅಂಕಿ ಇಟ್ಟುಕೊಳ್ಳೋಣ. ಒಂದು ಕಂಟೇನರ್ ಮಾಲಿನ ಎಫ್‌ಒಬಿ ಬೆಲೆ, ಅಂದರೆ ನಮ್ಮ ಬಂದರಿನಲ್ಲಿ ಹಡಗು ಹತ್ತಿಸುವವರೆಗಿನ ಬೆಲೆ, 20,000 ಡಾಲರ್. ಹಡಗಿನ ಬಾಡಿಗೆ ಮತ್ತು ವಿಮೆ 3,500. ವಿನೆಗರ್‌ನಲ್ಲಿ ಹಾಕಿದ ಸೌತೆ ಕಸ್ಟಮ್ಸ್ ಪಟ್ಟಿಯ 2001.10 ಶೀರ್ಷಿಕೆಗೆ ಬರುತ್ತದೆ. ಅದಕ್ಕೆ ಅಮೆರಿಕದ ಮಾಮೂಲಿ ಸುಂಕ ಶೇ 9.6, ಅಂದರೆ 1,920 ಡಾಲರ್. ಕಸ್ಟಮ್ಸ್ ನಿರ್ವಹಣೆ ಶುಲ್ಕ ಶೇ 0.3464, ಬಂದರು ಶುಲ್ಕ ಶೇ 0.125, ಎರಡೂ ಸೇರಿ 94. ಹಳೆಯ ಲೆಕ್ಕದಲ್ಲಿ ಆಮದುದಾರನ ಗೋದಾಮಿಗೆ ಮಾಲು ಬೀಳುತ್ತಿದ್ದದ್ದು 25,514 ಡಾಲರಿಗೆ. ಈಗ ಅದರ ಮೇಲೆ 20,000ದ ಶೇ 50, ಅಂದರೆ 10,000 ಸೇರಿ 35,514. ಮಾಲಿನ ಬೆಲೆ ಶೇ 50 ಏರಲಿಲ್ಲ, ಶೇ 39 ಏರಿತು. ಕಾರಣ ಇಷ್ಟೆ: ಅಮೆರಿಕದಲ್ಲಿ ಸುಂಕ ಹಾಕುವುದು ಎಫ್‌ಒಬಿ ಬೆಲೆಯ ಮೇಲೆ, ಹಡಗಿನ ಬಾಡಿಗೆಗೆ ಸುಂಕ ಇಲ್ಲ. ನಮ್ಮಲ್ಲಿ ಆಮದಿಗೆ ಬಾಡಿಗೆ, ವಿಮೆ ಎಲ್ಲ ಸೇರಿಸಿ ಸಿಐಎಫ್ ಮೇಲೆ ಹಾಕುತ್ತಾರೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಈಗ ಆಮದುದಾರ "ನನಗೆ ಹಳೆಯ 25,514ಕ್ಕೇ ಬೀಳಬೇಕು, ಪೂರ್ತಿ ನೀನೇ ನುಂಗು" ಅಂದ ಅಂದುಕೊಳ್ಳಿ. ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಎಫ್‌ಒಬಿ ಬೆಲೆ 13,750ರ ಆಸುಪಾಸಿಗೆ ಇಳಿಯಬೇಕು, ಅಂದರೆ ಶೇ 31 ಕಡಿತ. ಈ 31ನ್ನು ರಫ್ತುದಾರ ಎಲ್ಲಿಂದ ತರುತ್ತಾನೆ? ಡ್ರಮ್, ವಿನೆಗರ್, ಉಪ್ಪು, ಗ್ರೇಡಿಂಗ್ ಕೂಲಿ, ಲಾರಿ ಬಾಡಿಗೆ, ಯಾವುದೂ ಅಮೆರಿಕ ಹೇಳಿತು ಅಂತ ಇಳಿಯಲ್ಲ. ಇಳಿಸಲು ಕೈಗೆ ಸಿಗುವುದು ರೈತನ ಕಾಯಿ ರೇಟು ಒಂದೇ. ಎಫ್‌ಒಬಿಯಲ್ಲಿ ಕಾಯಿಯ ಪಾಲು ಶೇ 40 ಅಂತ ಇಟ್ಟರೆ 8,000 ಡಾಲರ್. ಅದರಲ್ಲಿ 6,250 ಕಡಿಯಬೇಕು. ಕೆ.ಜಿ.ಗೆ 30 ರೂಪಾಯಿ ಇದ್ದ ಕಾಯಿಗೆ 6 ರೂಪಾಯಿ 60 ಪೈಸೆ. ಆ ರೇಟಿಗೆ ಕೊಯ್ಲು ಕೂಲಿಯೂ ಹುಟ್ಟಲ್ಲ, ಯಾರೂ ಬಿತ್ತಲ್ಲ. ಕಂಪನಿಗೂ ಇದು ಗೊತ್ತು.

ಹಾಗಾಗಿ ರೇಟು ಅರ್ಧ ಆಗುವುದಿಲ್ಲ, ವಿಸ್ತೀರ್ಣ ಅರ್ಧ ಆಗುತ್ತದೆ. ನಿಮ್ಮ ಫೀಲ್ಡ್‌ಮನ್ "ಅರ್ಧ ಎಕರೆ" ಅಂದದ್ದು ಈ ಲೆಕ್ಕದ ಫಲ. ಸುಂಕದ ಹೊಡೆತ ನಮ್ಮ ಕಡೆ ಬೆಲೆಯಾಗಿ ಬರುವುದಕ್ಕಿಂತ ಹೆಚ್ಚಾಗಿ ಬೀಜದ ಪೊಟ್ಟಣ ಕಮ್ಮಿಯಾಗಿ ಬರುತ್ತದೆ.

ಇನ್ನೊಂದು ಸಣ್ಣ ವಿಷಯ ಯಾರೂ ಹೇಳಲ್ಲ. ಅಮೆರಿಕದ ಆಮದುದಾರ ಕಸ್ಟಮ್ಸ್‌ಗೆ ಬಾಂಡ್ ಕೊಟ್ಟಿರಬೇಕು: ಹಿಂದಿನ 12 ತಿಂಗಳಲ್ಲಿ ಕಟ್ಟಿದ ಸುಂಕದ ಶೇ 10ರಷ್ಟು, ಕನಿಷ್ಠ 50,000 ಡಾಲರ್. ಸುಂಕ ಶೇ 9.6ರಿಂದ 59.6ಕ್ಕೆ ಹಾರಿದರೆ ಬಾಂಡ್ ಕೂಡ ಹಿಗ್ಗಬೇಕು, ಅದಕ್ಕೆ ಜಾಮೀನು ಕೇಳುತ್ತಾರೆ. ಸಣ್ಣ ಆಮದುದಾರರು ಬೆಲೆ ಕುದುರದೆ ಹಿಂದೆ ಸರಿದದ್ದಕ್ಕಿಂತ ಈ ಬಾಂಡಿಗೆ ದುಡ್ಡು ಹೊಂದಿಸಲಾಗದೆ ಸರಿಯುವುದು ಸುಲಭ. ಆಗಸ್ಟ್ 27ಕ್ಕೆ ಮೊದಲು ಹಡಗು ಹತ್ತಿ, ಸೆಪ್ಟೆಂಬರ್ 17ರೊಳಗೆ ಅಲ್ಲಿ ಕ್ಲಿಯರ್ ಆದ ಮಾಲಿಗೆ ಎರಡನೆಯ ಶೇ 25 ಬೀಳಲಿಲ್ಲ. ಅದಕ್ಕೇ ಆಗಸ್ಟ್‌ನಲ್ಲಿ ಅಷ್ಟೊಂದು ಅವಸರ. ಅಲ್ಲಿನ ಗೋದಾಮು ಆಗ ತುಂಬಿಕೊಂಡದ್ದು ಕರಗುವವರೆಗೂ ಹೊಸ ಆರ್ಡರ್ ಮಂದವೇ.

ಗೌರಿಬಿದನೂರು_ಜರಡಿ

ಮೇಲಿನ ಲೆಕ್ಕ ಸರಿ. ಆದರೆ ಎಲ್ಲ ಗ್ರೇಡಿಗೂ ಒಂದೇ ಹೊಡೆತ ಅಲ್ಲ. ಒಂದು ಕೆ.ಜಿ.ಗೆ 160ಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತೂಗುವ ಬೆರಳು ಗಾತ್ರದ ಕಾಯಿ ಬೇರೆ ಕತೆ, 25ರಿಂದ 40 ತೂಗುವ ದಪ್ಪ ಕಾಯಿ ಬೇರೆ ಕತೆ.

ದಪ್ಪ ಕಾಯಿ ಅಮೆರಿಕದಲ್ಲೇ ಬೆಳೆಯುತ್ತದೆ. ಮಿಷಿಗನ್‌ನಲ್ಲಿ ಯಂತ್ರ ಬಿಟ್ಟು ಒಂದೇ ಸಲಕ್ಕೆ ಬಳ್ಳಿ ಸಮೇತ ಕಿತ್ತು ಕಾಯಿ ಬೇರ್ಪಡಿಸುತ್ತಾರೆ. ಒಂದೇ ಕೊಯ್ಲು, ಬಳ್ಳಿ ಅಲ್ಲಿಗೆ ಮುಗಿಯಿತು. ಹಾಗೆ ಕೀಳುವವನಿಗೆ ಸಣ್ಣ ಕಾಯಿ ಕಿತ್ತರೆ ತೂಕ ಬರಲ್ಲ, ನಷ್ಟ. ಸಣ್ಣ ಗ್ರೇಡಿಗೆ ದಿನಾ ಕೈಯಿಂದಲೇ ಬಿಡಿಸಬೇಕು. ಬಿತ್ತಿ 30–35 ದಿನಕ್ಕೆ ಕೊಯ್ಲು ಶುರು, ಆಮೇಲೆ ಬಳ್ಳಿ ಮುಗಿಯುವ ತನಕ ಒಂದು ದಿನವೂ ಬಿಡುವಂತಿಲ್ಲ. ಇವತ್ತು ಎಲೆ ಮರೆಯಲ್ಲಿ ಕಣ್ತಪ್ಪಿದ ಕಾಯಿ ನಾಳೆ ಬೆಳಿಗ್ಗೆ ಒಂದು ಗ್ರೇಡ್ ದಾಟಿರುತ್ತದೆ, ನಾಡಿದ್ದು ರಿಜೆಕ್ಟ್ ಗುಡ್ಡೆಗೆ. ಈ ಕೆಲಸಕ್ಕೆ ಅಮೆರಿಕದ ಕೂಲಿ ದರದಲ್ಲಿ ಜನ ಇಟ್ಟರೆ ಉಪ್ಪಿನಕಾಯಿ ಬಾಟಲಿಯನ್ನು ಚಿನ್ನದಂಗಡಿಯಲ್ಲಿ ಮಾರಬೇಕು. ಹಾಗಾಗಿ ಸಣ್ಣ ಗ್ರೇಡಿಗೆ ಅವರು ಭಾರತ ಬಿಟ್ಟರೆ ಹೋಗಬಹುದಾದ ಜಾಗ ಟರ್ಕಿ, ಶ್ರೀಲಂಕಾ, ವಿಯೆಟ್ನಾಂ, ಮೆಕ್ಸಿಕೊ. 2025ರ ಈ ಹೆಚ್ಚುವರಿ ಸುಂಕ ಟರ್ಕಿಗೆ 15, ಶ್ರೀಲಂಕಾ ಮತ್ತು ವಿಯೆಟ್ನಾಂಗೆ 20. ಉತ್ತರ ಅಮೆರಿಕದ ವ್ಯಾಪಾರ ಒಪ್ಪಂದಕ್ಕೆ ಹೊಂದುವ ಮೆಕ್ಸಿಕೊ ಮಾಲಿಗೆ ಸೊನ್ನೆ. ನಿಜವಾದ ಪೆಟ್ಟು ಈ 50ಕ್ಕೂ 20ಕ್ಕೂ ಇರುವ ಅಂತರ. ಎಲ್ಲರಿಗೂ 50 ಹಾಕಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಸುಂಕಕ್ಕಿಂತ ಹಳೆಯ, ಸದ್ದಿಲ್ಲದ ಪ್ರಭಾವ ಇನ್ನೊಂದಿದೆ. ಅಲ್ಲಿನ ಕಾನೂನು ನಮ್ಮ ಹೊಲದಲ್ಲಿ ದಿನಾ ಜಾರಿಯಲ್ಲಿದೆ. ವಿನೆಗರ್ ಹಾಕಿದ ತರಕಾರಿಯ ಪಿಎಚ್ 4.6 ಮೀರಬಾರದು ಅನ್ನುವುದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮ. ಅದಲ್ಲದೆ ಇಲ್ಲಿನ ಕಾರ್ಖಾನೆ ಅಲ್ಲಿ ನೋಂದಾಯಿಸಿಕೊಳ್ಳಬೇಕು, ಸಮ ಸಂಖ್ಯೆಯ ವರ್ಷ ಬಂದಾಗಲೆಲ್ಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನವೀಕರಿಸಬೇಕು, ಪ್ರತಿ ಉತ್ಪನ್ನದ ತಯಾರಿಕೆ ವಿಧಾನವನ್ನೂ ಸಲ್ಲಿಸಿರಬೇಕು. ಹಡಗಿನ ಮಾಲಾದರೆ ಬಂದರು ಮುಟ್ಟುವ 8 ಗಂಟೆ ಮೊದಲಾದರೂ ಮುನ್ಸೂಚನೆ ಹೋಗಿರಬೇಕು.

ಕೀಟನಾಶಕದ ಶೇಷದ್ದು ಇನ್ನೂ ಬಿಗಿ. ಸೌತೆಗೆ ಯಾವ ಔಷಧಿಯ ಮಿತಿಯನ್ನು ಅಮೆರಿಕ ಗೊತ್ತುಪಡಿಸಿಲ್ಲವೋ ಅದು ಲೇಶ ಸಿಕ್ಕರೂ ಮಾಲು ಕಲಬೆರಕೆ ಲೆಕ್ಕ. ಯುರೋಪಿನಲ್ಲಿ ಗೊತ್ತುಪಡಿಸದಿದ್ದರೆ ಕೆ.ಜಿ.ಗೆ 0.01 ಮಿಲಿಗ್ರಾಂ. ಅಂದಾಜು ಬೇಕಾದರೆ ಹತ್ತು ಟನ್ ಕಾಯಿಯಲ್ಲಿ ಒಟ್ಟು 0.1 ಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಮ್ಮಿ. ಕ್ಲೋರ್‌ಪೈರಿಫಾಸ್‌ಗೆ 2020ರಿಂದ ಯುರೋಪಿನ ಮಿತಿ ಇದೇ. ನೀವು ಹೊಡೆಯದಿದ್ದರೂ ಪಕ್ಕದ ಟೊಮೊಟೊ ತೋಟದವರು ಗಾಳಿ ಬೀಸುವಾಗ ಹೊಡೆದರೆ ಅಂಚಿನ ನಾಲ್ಕು ಸಾಲಿಗೆ ಬಂದು ಕೂರಲು ಅಷ್ಟು ಸಾಕು. ಆ ಸಾಲಿನ ಕಾಯಿ ಅದೇ ಕ್ರೇಟಿಗೆ, ಆ ಕ್ರೇಟು ಹತ್ತಾರು ರೈತರ ಕಾಯಿ ಬೀಳುವ ತೊಟ್ಟಿಗೆ. ಅಲ್ಲಿ ಸಿಕ್ಕಿಬಿದ್ದರೆ ರಫ್ತುದಾರನ ಹೆಸರು ಇಂಪೋರ್ಟ್ ಅಲರ್ಟ್ ಪಟ್ಟಿಗೆ ಹೋಗುತ್ತದೆ. ಆಮೇಲೆ ಪರೀಕ್ಷೆಗೆ ಮೊದಲೇ ಮಾಲನ್ನು ತಡೆದು ನಿಲ್ಲಿಸುತ್ತಾರೆ. ಹೊರಬರಬೇಕಾದರೆ ಸಾಮಾನ್ಯವಾಗಿ ಸತತ ಐದು ಮಾಲು ಶುದ್ಧ ಬರಬೇಕು.

ಇಲ್ಲೊಂದು ತೊಡಕಿದೆ. ಔಷಧಿ ಡಬ್ಬದ ಮೇಲೆ "ಸಿಂಪಡಿಸಿದ 3 ದಿನ ಕೊಯ್ಯಬೇಡಿ" ಅಂತ ಇದ್ದರೆ ಬೇರೆ ಬೆಳೆಗೆ ತೊಂದರೆ ಇಲ್ಲ. ಮಿಡಿಸೌತೆಗೆ 3 ದಿನ ಅಂದರೆ ಮೂರು ದಿನದ ಕಾಯಿ ಪೂರ್ತಿ ದಪ್ಪಗಾಗಿ ಹೋಯಿತು ಅಂತ. ಬೂಜುರೋಗ ಬಂದ ವಾರ ಫೀಲ್ಡ್‌ಮನ್ ಒಂದು ಹೇಳಿ ರೈತ ಇನ್ನೊಂದು ಮಾಡುವುದು ಇಲ್ಲೇ. ಯುರೋಪು, ಅಮೆರಿಕ, ರಷ್ಯಾ ಅಂತ ಹೊಲ ಬೇರೆ ಮಾಡಲಾಗದ್ದರಿಂದ ಕಂಪನಿಗಳು ಎಲ್ಲಕ್ಕಿಂತ ಬಿಗಿಯಾದ ಪಟ್ಟಿಯನ್ನೇ ಎಲ್ಲರಿಗೂ ಹಂಚುತ್ತವೆ. ಬ್ರಸೆಲ್ಸ್‌ನಲ್ಲಿ ಕೂತು ಬರೆದ ಅಂಕಿ ಮಂಚೇನಹಳ್ಳಿಯ ಸ್ಪ್ರೇಯರ್ ಟ್ಯಾಂಕಿಗೆ ಇಳಿಯುವುದು ಹೀಗೆ.

ಬಂಗಾರಪೇಟೆ_ಜಂಕ್ಷನ್

ಎಣ್ಣೆಗೂ ಸೌತೆಗೂ ಸಂಬಂಧ ಕೇಳಿದಿರಿ. ಈ 50ರಲ್ಲಿ ಎರಡು ತುಂಡು. 2025ರ ಆಗಸ್ಟ್ 7ರ ಶೇ 25 "ಪ್ರತಿಸುಂಕ". ವ್ಯಾಪಾರದ ಅಸಮತೋಲನ ಅದರ ಕಾರಣ. ಆಗಸ್ಟ್ 27ರ ಶೇ 25 ರಷ್ಯಾ ಎಣ್ಣೆಯ ದಂಡ. 2022ರ ಯುದ್ಧಕ್ಕೆ ಮೊದಲು ನಾವು ತರಿಸುತ್ತಿದ್ದ ಕಚ್ಚಾ ಎಣ್ಣೆಯಲ್ಲಿ ರಷ್ಯಾದ ಪಾಲು ಶೇ 2 ಇದ್ದರೆ ಹೆಚ್ಚು; ಆಮೇಲೆ ಮೂರನೇ ಒಂದು ಪಾಲು ದಾಟಿತು. ರಷ್ಯಾದ ಕೈ ಕಟ್ಟಲು ರಷ್ಯಾವನ್ನೇ ಹಿಡಿಯುವುದು ಕಷ್ಟ, ಅದರ ಗಿರಾಕಿಯನ್ನು ಹಿಡಿಯುವುದು ಸುಲಭ. ಗಿರಾಕಿಗೆ ನೋವಾಗಬೇಕಾದರೆ ಗಿರಾಕಿಯ ರಫ್ತು ಹಿಡಿಯಬೇಕು. ಮಿಡಿಸೌತೆ ಆ ಸರಪಳಿಯ ಕೊನೆಯ ಕೊಂಡಿ.

ಒಂದು ಮಾತು ಗಮನಿಸಿ. ರಷ್ಯಾ ಎಣ್ಣೆಯನ್ನು ಚೀನಾ ನಮಗಿಂತ ಹೆಚ್ಚು ಕೊಳ್ಳುತ್ತದೆ. ಆ ಕಾರಣಕ್ಕೆ ಅದರ ಮೇಲೆ ಇಂಥ ದಂಡಸುಂಕ ಬೀಳಲಿಲ್ಲ. ಯಾಕೆ ಅನ್ನುವುದು ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ. ಅದನ್ನು ಯಾರಾದರೂ ಬರೆಯಲಿ.

ರಷ್ಯಾ ಮಿಡಿಸೌತೆಯ ದೊಡ್ಡ ಗಿರಾಕಿ ಕೂಡ. 2022ರ ಮಾರ್ಚ್‌ನಲ್ಲಿ ರಷ್ಯಾದ ಏಳು ಬ್ಯಾಂಕುಗಳನ್ನು ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್‌ನಿಂದ ಹೊರಹಾಕಿದಾಗ ಮಾಲು ಹೋದರೂ ದುಡ್ಡು ಬರುವ ದಾರಿ ಮುಚ್ಚಿತು. ಡಾಲರ್ ವ್ಯವಹಾರ ಯಾವ ಇಬ್ಬರ ನಡುವೆ ನಡೆದರೂ ಕೊನೆಗೆ ಅಮೆರಿಕದಲ್ಲಿರುವ ಯಾವುದೋ ಬ್ಯಾಂಕಿನ ಖಾತೆ ಮೂಲಕವೇ ಹಾಯಬೇಕು. ಸುಂಕಕ್ಕಿಂತ ಚೂಪಾದ ಆಯುಧ ಇದು. ಇದಕ್ಕೆ ಉಳಿದವರು ಕಂಡುಕೊಂಡ ಅಡ್ಡದಾರಿಯೂ ಇದೆ: 2022ರ ಜುಲೈ 11ರಂದು ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡುವ ವೋಸ್ಟ್ರೊ ಖಾತೆಗೆ ಅನುಮತಿ ಕೊಟ್ಟಿತು. ಎಣ್ಣೆ ಮಾರಿ ಇಲ್ಲಿ ಕೂಡಿಬಿದ್ದ ರೂಪಾಯಿಯಿಂದ ಇಲ್ಲಿನ ರಫ್ತುದಾರನಿಗೆ ಕೊಡಬಹುದು. ತೊಡಕು ಏನೆಂದರೆ ನಾವು ಕೊಳ್ಳುವ ಎಣ್ಣೆ ಬೆಟ್ಟದಷ್ಟು, ಮಾರುವ ಸೌತೆ, ಚಹಾ, ಔಷಧಿ ಬೊಗಸೆಯಷ್ಟು. ಅವರ ರೂಪಾಯಿ ಖರ್ಚಾಗದೆ ಕೂತಿತು. ಅಲ್ಲದೆ 2023ರ ಡಿಸೆಂಬರ್‌ನ ಅಮೆರಿಕದ ಆದೇಶದ ಮೇಲೆ ಮೂರನೇ ದೇಶದ ಬ್ಯಾಂಕುಗಳಿಗೂ ಭಯ ಬಂತು, ಕಾಗದಪತ್ರ ಕೇಳುವುದು ಹೆಚ್ಚಾಯಿತು.

ಕೊರಟಗೆರೆ_ಕೊಳವೆಬಾವಿ

ಮೂವರಿಗೂ ಥ್ಯಾಂಕ್ಸ್ ಸಾರ್. 6 ರೂಪಾಯಿ 60 ಪೈಸೆ ನೋಡಿ ಎದೆ ಧಸಕ್ ಅಂತು. ಡಾಲರ್ ರೇಟು ಏರಿದ್ರೆ ನಮಗೆ ಲಾಭ ಅಂತಾರಲ್ಲ, ಅದು ಸ್ವಲ್ಪ ತುಂಬಿಕೊಡಲ್ವಾ? ಚೀನಾ ಮಾತನ್ನ ಯಾರಾದ್ರೂ ಬಿಡಿಸಿ ಹೇಳಿ.

ನರಸಾಪುರ_ಶಿಫ್ಟ್

ಡಾಲರ್ ರೂಪಾಯಿಯೆದುರು ಶೇ 2–3 ಏರಿದರೆ ತುಂಬಿಕೊಡುವುದು ಅಷ್ಟನ್ನೇ. ತೂತು ಇರುವುದು ಶೇ 31ರದ್ದು. ಅದರಲ್ಲೂ ಡಾಲರ್ ಏರಿದ್ದು ಆಮದುದಾರನಿಗೂ ಗೊತ್ತು, ಮರುದಿನವೇ "ನಿಮಗೆ ಲಾಭ ಆಯಿತಲ್ಲ, ಇಳಿಸಿ" ಅನ್ನುತ್ತಾನೆ.

ಕೋಲಾರ ತಾಲ್ಲೂಕಿನ ನರಸಾಪುರವನ್ನು ನೋಡಿ, ಬೇರೆ ಉದಾಹರಣೆ ಬೇಡ. ವಿಸ್ಟ್ರಾನ್ ಶುರು ಮಾಡಿ 2023ರಲ್ಲಿ ಟಾಟಾ ಕೈಗೆ ಬಂದ ಕಾರ್ಖಾನೆಯಲ್ಲಿ ಐಫೋನ್ ಜೋಡಣೆ ಆಗುತ್ತದೆ. ಅದೇ ಜಿಲ್ಲೆಯ ಮಿಡಿಸೌತೆಗೆ 50, ಈ ಫೋನಿಗೆ ಸೊನ್ನೆ. ಸ್ಮಾರ್ಟ್‌ಫೋನನ್ನು 2025ರ ಏಪ್ರಿಲ್ 11ರಂದೇ ಪ್ರತಿಸುಂಕದಿಂದ ಹೊರಗಿಟ್ಟರು, ಎಣ್ಣೆಯ ದಂಡವೂ ಅದಕ್ಕೆ ತಾಗಲಿಲ್ಲ. ಭಾರತದ ಮೇಲಿನ ಪ್ರೀತಿಗೆ ಅಲ್ಲ. ಫೋನಿನ ಬೆಲೆ ಏರಿದರೆ ಅಮೆರಿಕದ ಮನೆಮನೆಯಲ್ಲಿ ಗೊತ್ತಾಗುತ್ತದೆ, ಅಮೆರಿಕದ ದೊಡ್ಡ ಕಂಪನಿಯೊಂದರ ಷೇರು ಬೀಳುತ್ತದೆ. ಉಪ್ಪಿನಕಾಯಿ ಬಾಟಲಿ ಏರಿದರೆ? ಆಮದಾಗಿ ಬಿದ್ದ ಬೆಲೆ ಅಂಗಡಿ ಬೆಲೆಯ ಮೂರನೇ ಒಂದು ಪಾಲು ಅಂತಿಟ್ಟರೆ, ಶೇ 39 ಪೂರ್ತಿ ದಾಟಿಸಿದರೂ 5 ಡಾಲರ್ ಬಾಟಲಿ 5.65 ಆಗುತ್ತದೆ. ಯಾರೂ ಬೀದಿಗಿಳಿಯಲ್ಲ.

ನವೆಂಬರ್ 14ರ ಆದೇಶವೂ ಹಾಗೇ. ಕಾಫಿ, ಚಹಾ, ಬಾಳೆ, ಸಾಂಬಾರ ಪದಾರ್ಥ, ಟೊಮೊಟೊ, ದನದ ಮಾಂಸ ಪ್ರತಿಸುಂಕದಿಂದ ಹೊರಬಂದವು. ಆರು ದಿನದ ಮೇಲೆ ಬ್ರೆಜಿಲ್‌ನ ಕಾಫಿ, ಮಾಂಸದ ಮೇಲಿದ್ದ ಹೆಚ್ಚುವರಿ ಶೇ 40ನ್ನೂ ತೆಗೆದರು. ಬ್ರೆಜಿಲ್ ಕತ್ತಿ ಹಿರಿದಿರಲಿಲ್ಲ. ಅಲ್ಲಿನ ಅಡುಗೆಮನೆಯ ಕಾಫಿ ಡಬ್ಬ ಮಾತಾಡಿತು. ಕಾಫಿ ಅಮೆರಿಕದ ನೆಲದಲ್ಲಿ ಬೆಳೆಯುವುದು ಹವಾಯಿಯಂಥ ಕಡೆ ಒಂದಿಷ್ಟು, ಅಷ್ಟೆ. ಸೌತೆ ಅಲ್ಲಿ ಬೆಳೆಯುತ್ತದೆ, ಹಾಗಾಗಿ ಆ ವಾದ ನಮಗೆ ಒದಗುವುದಿಲ್ಲ.

ಚೀನಾ ಎರಡು ಕಡೆ ಹಿಡಿಯಿತು. ಒಂದು, ಕೊಳ್ಳುವುದನ್ನು ನಿಲ್ಲಿಸಿತು. ಅಮೆರಿಕ ರಫ್ತು ಮಾಡುವ ಸೋಯಾದಲ್ಲಿ ಅರ್ಧದಷ್ಟು ಚೀನಾಕ್ಕೇ ಹೋಗುತ್ತಿತ್ತು. 2025ರಲ್ಲಿ ಸುಗ್ಗಿ ಬಂದರೂ ಚೀನಾದಿಂದ ಆರ್ಡರ್ ಬರಲಿಲ್ಲ, ಬ್ರೆಜಿಲ್‌ನಿಂದ ತರಿಸಿತು. ಅಯೋವಾ, ಇಲಿನಾಯ್ ರೈತರ ಕಣಜ ತುಂಬಿಕೊಂಡಿತು. ಎರಡು, ಕೊಡುವುದನ್ನು ನಿಲ್ಲಿಸಿತು. ಏಪ್ರಿಲ್ 4ರಂದು ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ವಿರಳ ಲೋಹ ಮತ್ತು ಅವುಗಳ ಅಯಸ್ಕಾಂತಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿತು. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿರುವ ನಿಯೋಡೈಮಿಯಂ ಅಯಸ್ಕಾಂತ ಬಿಸಿಯಾದಾಗ ಬಲ ಕಳೆದುಕೊಳ್ಳದಿರಲು ಡಿಸ್ಪ್ರೋಸಿಯಂ ಬೇಕು. ತೂಕ ಗ್ರಾಂ ಲೆಕ್ಕದ್ದು, ಆದರೆ ಅದಿಲ್ಲದೆ ಅಸೆಂಬ್ಲಿ ಲೈನು ನಿಲ್ಲುತ್ತದೆ. ಅಮೆರಿಕದ ಕಾರು ಕಂಪನಿಗಳಿಗೂ ತಟ್ಟಿತು, ನಮ್ಮ ದ್ವಿಚಕ್ರ ಕಂಪನಿಗಳಿಗೂ ತಟ್ಟಿತು. ದೊಡ್ಡವರಿಬ್ಬರ ಕುಸ್ತಿಯಲ್ಲಿ ಅಖಾಡದ ಅಂಚಲ್ಲಿ ನಿಂತವರಿಗೂ ಮೊಣಕೈ. ಅಕ್ಟೋಬರ್ 30ರಂದು ಬುಸಾನ್‌ನಲ್ಲಿ ಇಬ್ಬರೂ ಕೂತರು. ಅಮೆರಿಕ ಫೆಂಟನಿಲ್ ಎಂಬ ಮಾದಕ ವಸ್ತುವಿನ ಹೆಸರಿನಲ್ಲಿ ಹಾಕಿದ್ದ ಸುಂಕವನ್ನು 20ರಿಂದ 10ಕ್ಕೆ ಇಳಿಸಿತು, ಚೀನಾ ಸೋಯಾ ಕೊಳ್ಳಲು ಒಪ್ಪಿ, ಅಕ್ಟೋಬರ್‌ನಲ್ಲಿ ಬಿಗಿ ಮಾಡಿದ ವಿರಳ ಲೋಹದ ನಿಯಮವನ್ನು ಒಂದು ವರ್ಷ ಮುಂದೂಡಿತು.

ನಮ್ಮ ಕೈಯಲ್ಲೂ ಒಂದು ಸಲ ಇಂಥದ್ದು ನಡೆದಿದೆ. ಉಕ್ಕು, ಅಲ್ಯೂಮಿನಿಯಂ ಸುಂಕಕ್ಕೆ ಪ್ರತಿಯಾಗಿ 2019ರ ಜೂನ್ 16ರಂದು ಭಾರತ ಅಮೆರಿಕದ 28 ವಸ್ತುಗಳ ಮೇಲೆ ಸುಂಕ ಏರಿಸಿತು. ಸೇಬಿಗೆ 50 ಇದ್ದದ್ದು 70 ಆಯಿತು. ಕೋಲಾರದ ಹಣ್ಣಿನಂಗಡಿಯಲ್ಲಿ ವಾಷಿಂಗ್ಟನ್ ಸೇಬಿನ ಸ್ಟಿಕರ್ ಕಾಣೆಯಾಗಿ ಟರ್ಕಿ, ಇರಾನ್ ಹಣ್ಣು ಬಂದದ್ದು ಆವಾಗಲೇ. ವಾಷಿಂಗ್ಟನ್ ರಾಜ್ಯದ ಸೆನೆಟರುಗಳು ವರ್ಷಗಟ್ಟಲೆ ತಮ್ಮ ಸರ್ಕಾರದ ಬೆನ್ನು ಬಿದ್ದರು. 2023ರಲ್ಲಿ ರಾಜಿ ಆದಾಗ ನಾವು ಸೇಬು, ಬಾದಾಮಿ, ಆಕ್ರೋಟಿನ ಹೆಚ್ಚುವರಿ ಸುಂಕ ತೆಗೆದೆವು, ಅವರು ನಮ್ಮ ಉಕ್ಕು, ಅಲ್ಯೂಮಿನಿಯಂ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ವಿನಾಯಿತಿ ಕೊಟ್ಟರು. ಇಡೀ ಅಮೆರಿಕಕ್ಕೆ ಹೋಲಿಸಿದರೆ ಸೇಬಿನ ದುಡ್ಡು ಚಿಲ್ಲರೆ. ಆದರೆ ಆ ಚಿಲ್ಲರೆ ಒಂದೇ ರಾಜ್ಯದ ಒಂದೇ ಬೆಳೆಗಾರರ ಗುಂಪಿನ ಜೇಬಿನಿಂದ ಹೋಗುತ್ತಿತ್ತು, ಅವರಿಗೆ ಓಟು ಇತ್ತು. ಪ್ರತೀಕಾರದ ಪಟ್ಟಿ ಮಾಡುವವರು ಮೊದಲು ನೋಡುವುದು ಇದನ್ನೇ.

ಚಿಂತಾಮಣಿ_ಗುಲಾಬಿಗಡ್ಡೆ

ನಾವೂ ಯಾರಿಗೋ ದೊಡ್ಡಣ್ಣ ಅನ್ನುವುದನ್ನು ಮರೆಯಬಾರದು. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಗುಲಾಬಿ ಈರುಳ್ಳಿಗೆ 2015ರಲ್ಲಿ ಜಿ.ಐ., ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ಇದನ್ನು ಇಲ್ಲಿ ಯಾರೂ ಸಾರಿಗೆ ಹಾಕಲ್ಲ. ಸಣ್ಣ ಗಡ್ಡೆ, ಖಾರ ಜಾಸ್ತಿ, ಬೆಳೆದದ್ದೆಲ್ಲ ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಪುರ, ಶ್ರೀಲಂಕಾಕ್ಕೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ದೆಹಲಿಯ ತಲೆಯಲ್ಲಿದ್ದದ್ದು ಅಡುಗೆಮನೆಯ ದೊಡ್ಡ ಈರುಳ್ಳಿ. ಗುಲಾಬಿ ಗಡ್ಡೆಯೂ ಅದೇ ಬಲೆಗೆ ಬಿತ್ತು. ಸೆಪ್ಟೆಂಬರ್ 29ರಂದು, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಸುಂಕ ಇಲ್ಲ ಅಂತ ಆಯಿತು. ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ, 2024ರ ಮೇ 4ಕ್ಕೆ ತೆರವು.

ಗಡ್ಡೆ ಕಿತ್ತ ಮೇಲೆ ಕಾಯುವ ಹಾಗಿಲ್ಲ, ತೇವ ಇದ್ದರೆ ಕಣ್ಣೆದುರೇ ಮೊಳಕೆ. ಆ ಕಡೆ ಕೊಳ್ಳುವವರೂ ಕಾಯಲ್ಲ. 2019ರಲ್ಲಿ ನಾವು ಈರುಳ್ಳಿ ತಡೆದಾಗ ಬಾಂಗ್ಲಾದೇಶ ಈಜಿಪ್ಟ್, ಟರ್ಕಿಯಿಂದ ವಿಮಾನದಲ್ಲಿ ತರಿಸಿಕೊಂಡಿತು, ಆಮೇಲೆ ತಾನೇ ಹೆಚ್ಚು ಬೆಳೆಯಲು ಹೊರಟಿತು. ದೊಡ್ಡವನು ಬಾಗಿಲು ಹಾಕಿದ ಪ್ರತಿ ಸಲವೂ ಹೊರಗೆ ನಿಂತವನು ಇನ್ನೊಂದು ಬಾಗಿಲ ವಿಳಾಸ ಬರೆದಿಟ್ಟುಕೊಳ್ಳುತ್ತಾನೆ. ಅಮೆರಿಕದ ಸುಂಕಕ್ಕೂ ಇದೇ ಮಾತು ಸಲ್ಲುತ್ತದೆ, ನಮ್ಮ ನಿಷೇಧಕ್ಕೂ.

ಶಿಡ್ಲಘಟ್ಟ_ರೆಂಡಿಟ್ಟಾ

ರೇಷ್ಮೆ ಬಗ್ಗೆ ಒಂದೇ ಒಂದು ಮಾತು. ಚೀನಾ ನೂಲಿನ ಆಮದು ಸುಂಕ 2011ರ ಬಜೆಟ್‌ನಲ್ಲಿ 30ರಿಂದ 5ಕ್ಕೆ ಇಳಿಯಿತು, 2013ರಲ್ಲಿ 15ಕ್ಕೆ ಏರಿತು, ಮತ್ತೆ 10 ಆಗಿ 2021ರಲ್ಲಿ 15. ಪ್ರತಿ ಸಲವೂ ಶಿಡ್ಲಘಟ್ಟ ಗೂಡಿನ ಹರಾಜಿನಲ್ಲಿ ರೀಲರುಗಳ ಕೂಗು ಅದಕ್ಕೆ ತಕ್ಕ ಹಾಗೆ. ಲೆಕ್ಕ ಸರಳ: ಒಂದು ಕೆ.ಜಿ. ನೂಲಿಗೆ ಏಳೂವರೆ ಕೆ.ಜಿ. ಗೂಡು ಬೇಕಾದರೆ, ಚೀನಾ ನೂಲು ಕೆ.ಜಿ.ಗೆ 300 ರೂಪಾಯಿ ಅಗ್ಗವಾದರೆ ಗೂಡಿಗೆ 40 ರೂಪಾಯಿ ಕುಸಿತ. ಮಜಾ ಏನೆಂದರೆ ಆ ನೂಲಿಗೆ ಸಮನಾದ ನೂಲು ಇಲ್ಲಿ ತೆಗೆಯಬೇಕಾದರೆ ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಬೇಕು, ಮೊದಲು ಬಂದ ಆ ಯಂತ್ರಗಳೂ ಚೀನಾದವೇ. ಎದುರಾಳಿಯ ಬಳಿಯೇ ಗರಡಿ ಸಾಮಾನು ಕೊಂಡ ಹಾಗೆ. ಅದರಲ್ಲಿ ತಪ್ಪೇನೂ ಇಲ್ಲ.

ಕೊರಟಗೆರೆ_ಕೊಳವೆಬಾವಿ

ಎಲ್ಲ ಅರ್ಥ ಆಯ್ತು. ಈಗ ಕೊನೆಗೆ ಒಂದೇ ಮಾತು ಹೇಳಿ ಸಾರ್, ಮುಂದಿನ ಬೆಳೆ ಹಾಕೋದಾ ಬೇಡ್ವಾ?

ಕಂಟೇನರ್_ಲೆಕ್ಕ, ತುಮಕೂರು

ಹಾಕಬಹುದು, ಕಣ್ಣು ಮುಚ್ಚಿ ಬೇಡ. ಮಿಡಿಸೌತೆಗೆ ತುಮಕೂರು ಎಪಿಎಂಸಿಯಲ್ಲಿ ಗಿರಾಕಿ ಇಲ್ಲ. ಕಂಪನಿ ತೆಗೆದುಕೊಳ್ಳದಿದ್ದರೆ ದನಕ್ಕೆ ಹಾಕಬೇಕು. ಅಮೆರಿಕದ ಮುಂದೆ ಕಂಪನಿ ಎಷ್ಟು ಬಡವನೋ ಕಂಪನಿಯ ಮುಂದೆ ನೀವು ಅದರ ಎರಡರಷ್ಟು. ಅದಕ್ಕೆ ಬೀಜ ಕೈಗೆ ತೆಗೆದುಕೊಳ್ಳುವ ಮೊದಲು ಇವನ್ನು ನೋಡಿ.

ಫೀಲ್ಡ್‌ಮನ್‌ನ ಬಳಿ "ಈ ಬ್ಯಾಚ್ ಯಾವ ದೇಶಕ್ಕೆ" ಅಂತ ಕೇಳಿ. ಯುರೋಪ್, ರಷ್ಯಾ, ಆಸ್ಟ್ರೇಲಿಯಾ ಅಂದರೆ ಅಮೆರಿಕದ ಸುಂಕ ನೇರವಾಗಿ ತಾಗಲ್ಲ. ಆದರೆ ಅಮೆರಿಕಕ್ಕೆ ಹೋಗಬೇಕಿದ್ದ ಎಲ್ಲರ ಮಾಲೂ ಅತ್ತ ತಿರುಗಿದರೆ ಅಲ್ಲೂ ಬೆಲೆ ಜಗ್ಗುತ್ತದೆ, ಪೂರ್ತಿ ಪಾರಾದೆವು ಅಂತ ತಿಳಿಯಬೇಡಿ. ಒಪ್ಪಂದದ ಪ್ರತಿ ಕೈಯಲ್ಲಿರಲಿ. ಗ್ರೇಡ್‌ವಾರು ರೇಟು ಅದರಲ್ಲಿ ಅಂಕಿಯಲ್ಲೇ ಇರಬೇಕು, "ಮಾರುಕಟ್ಟೆ ದರದಂತೆ" ಅಂತ ಇದ್ದರೆ ಸಹಿ ಬೇಡ. ರಿಜೆಕ್ಟ್ ಆದ ಕಾಯಿಯ ತೂಕವನ್ನೂ ಪಾಸ್‌ಬುಕ್ಕಿನಲ್ಲಿ ಬರೆಸಿ. ಆರ್ಡರ್ ಕಮ್ಮಿಯಾದ ವಾರ ಕಂಪನಿಗಳು ರೇಟು ಇಳಿಸುವುದಕ್ಕಿಂತ ಗ್ರೇಡಿಂಗ್ ಬಿಗಿ ಮಾಡುವುದೇ ಹೆಚ್ಚು. ಅದು ಗೊತ್ತಾಗುವುದು ರಿಜೆಕ್ಟ್ ಕಾಲಂ ನೋಡಿದಾಗ ಮಾತ್ರ.

ಸರ್ಕಾರದ ಲೆಕ್ಕದಲ್ಲಿ ಎಕರೆಗೆ ಸರಾಸರಿ 4 ಟನ್, ಸುಮಾರು 80,000 ರೂಪಾಯಿ ಆದಾಯ, ಅದರಲ್ಲಿ ಖರ್ಚು ಕಳೆದು 40,000. ಅಂದರೆ ಖರ್ಚೇ ಅರ್ಧ, ಅದರಲ್ಲಿ ಬೀಜ, ಗೊಬ್ಬರ, ಔಷಧಿ ಕಂಪನಿಯ ಸಾಲ. ರೇಟು ಶೇ 20 ಇಳಿದರೆ ನಿಮ್ಮ ಉಳಿತಾಯ 40ರಿಂದ 24 ಸಾವಿರಕ್ಕೆ. ಬೂಜುರೋಗ ಬಂದು ಇಳುವರಿ ಮೂರು ಟನ್‌ಗೆ ನಿಂತರೆ ಕೈಗೆ 8,000, ಅದೂ ಕೂಲಿ ಏರದಿದ್ದರೆ. ಮನೆಯವರೇ ನಾಲ್ಕು ಜನ ದಿನಾ ಬೆಳಿಗ್ಗೆ ಕಾಯಿ ಬಿಡಿಸುವ ಹಾಗಿದ್ದರೆ ಅರ್ಧ ಎಕರೆ, ಸಣ್ಣ ಗ್ರೇಡಿಗೆ ಗುರಿಯಿಟ್ಟು ಹಾಕಿ. ಕೂಲಿ ಇಟ್ಟು ಎರಡು ಎಕರೆ ಮಾಡುವ ಲೆಕ್ಕ ಇದ್ದರೆ ಈ ಬೆಳೆ ಬಿಡಿ, ಆ ನೀರನ್ನು ಮೇವಿನ ಜೋಳಕ್ಕೆ ಹರಿಸಿ.